ಸಮಸ್ಯಾಪೂರಣ: ಬಿದ್ದವನು ನಿಂತವನ ಜೀವವನುಳಿಸಿ ತಾನಳಿದ

ಷಟ್ಪದಿಪ್ರಿಯ:
ಈ ಸಲದ ವಿಷಯ ಸೇಡು. ಯಾವುದಾದರೂ ಹಳೆಯ ದುರಂತ ನಾಟಕದಿಂದ ಸಂದರ್ಭ ಆರಿಸಿಕೊಳ್ಳಿ. ಭಾಮಿನಿ ಷಟ್ಪದಿಯ ಕೊನೆಯ ಸಾಲು ಮೇಲಿದೆ, ಮುಂಚಿನ ಐದು ಸಾಲು ನೀವು ಕಟ್ಟಿ. ‘ದ್ದ’ ಪ್ರಾಸ ತಪ್ಪಬಾರದು. ಬಿದ್ದವನೇ ನಿಂತವನನ್ನು ಕಾಪಾಡೋದು ಹೇಗೆ ಅಂತ ನೀವೇ ಬಿಡಿಸಿ.

ಗಮಕಿ:
ಭಾಸನ ‘ಊರುಭಂಗ’ ಅಲ್ದೆ ಇನ್ನೇನು?

ಎದ್ದು ಹಲಧರ ಕೆರಳಿ ರೋಷದಿ
ಗೆದ್ದ ಭೀಮನ ಕೊಲುವೆನೆನ್ನುತ
ಗದ್ದರಿಸುತಿರೆ ಮುರಿದ ತೊಡೆಗಳನೆಳೆದು ತೆವಳುತಲಿ
ಇದ್ದ ಹಗೆಯೆನ್ನೊಡನೆ ಮುಗಿಯಲಿ
ಇದ್ದು ನೀರೆರೆಯಲವರೆನ್ನುತ
ಬಿದ್ದವನು ನಿಂತವನ ಜೀವವನುಳಿಸಿ ತಾನಳಿದ

ಭೀಮ ಗದಾಯುದ್ಧದ ನಿಯಮ ಮುರಿದು ತೊಡೆಗೆ ಹೊಡೆದ. ಶಿಷ್ಯನ ಪರವಾಗಿ ಬಲರಾಮ (ಪದ್ಯದ ಹಲಧರ) ಸೇಡಿಗೆ ಹೊರಟರೆ ದುರ್ಯೋಧನನೇ ಬೇಡ ಅಂತಾನೆ. ಕುರುಕುಲಕ್ಕೆ ತರ್ಪಣದ ನೀರು ಸುರಿಸುವ ಮೋಡಗಳು ಪಾಂಡವರು, ಬದುಕಲಿ ಅಂತ. ಐದನೇ ಸಾಲಿನ ನೀರು ಅಲ್ಲಿಂದ ಬಂತು.

ತುಂಟಲೇಖನಿ:
ಪ್ರಾಸ ಸೊಗಸು. ಆದರೆ ಒಂದು ತಕರಾರು. ಅಷ್ಟೊತ್ತಿಗೆ ಭೀಮನನ್ನು ಪಾಂಡವರು ಅಲ್ಲಿಂದ ಕರೆದುಕೊಂಡು ಹೋಗಿದ್ದರಲ್ವಾ? ನಿಂತವನು ಎಲ್ಲಿ ಸ್ವಾಮಿ? ನನ್ನದು ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’:

ಕದ್ದು ಕತ್ತಿಗೆ ನಂಜ ಸವರಿರೆ
ಬಿದ್ದನರಸಿನ ಕುವರ, ಗೆಳೆಯನು
ಎದ್ದು ಕುಡಿಯಲು ವಿಷದ ಬಟ್ಟಲನೆತ್ತಿ ಹಿಡಿದಿರಲು
ಒದ್ದೆ ಬೆರಳಿಂದದನು ಕಸಿಯುತ
ಇದ್ದು ಹೇಳೀ ಕಥೆಯನೆನ್ನುತ
ಬಿದ್ದವನು ನಿಂತವನ ಜೀವವನುಳಿಸಿ ತಾನಳಿದ

ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊ ನಿಜಕ್ಕೂ ಪಕ್ಕದಲ್ಲೇ ಇದ್ದಾನೆ, ನೋಡಿಕೊಳ್ಳಿ.

ಗಮಕಿ:
ಭೀಮ ಎಲ್ಲೇ ಇರಲಿ, ಸ್ವಂತ ಕಾಲ ಮೇಲೆ ನಿಂತಿರೋದು ಅವನೇ ತಾನೇ! ಅದಿರಲಿ, ಹೊರೇಷಿಯೊಗೆ ಯಾರ ಮೇಲೆ ಸೇಡು?

ತುಂಟಲೇಖನಿ:
ಅವನಿಗಿಲ್ಲ. ಕತ್ತಿಗೆ ವಿಷ ಸವರಿದ ಲೇಯರ್ಟೀಸ್‌ಗೆ ಹ್ಯಾಮ್ಲೆಟ್ ಕೈಯಲ್ಲಿ ಸತ್ತ ಅಪ್ಪನ ಸೇಡು. ಹ್ಯಾಮ್ಲೆಟ್‌ಗೂ ಅಪ್ಪನದೇ. ಬಟ್ಟಲಿಗೆ ವಿಷ ಹಾಕಿದವನು ಆ ಅಪ್ಪನನ್ನು ಕೊಂದ ಚಿಕ್ಕಪ್ಪ, ರಾಜ ಕ್ಲಾಡಿಯಸ್. ರಾಣಿ ಕುಡಿದಳು, ಆಮೇಲೆ ಅವನ ಬಾಯಿಗೂ ಅದನ್ನೇ ಸುರಿದಾಯ್ತು. ಸೇಡೆಲ್ಲ ತೀರಿದ ಮೇಲೂ ತಳದಲ್ಲಿ ಒಂದು ಗುಟುಕು ಉಳಿದಿತ್ತು.

ಷಟ್ಪದಿಪ್ರಿಯ:
ಎರಡೂ ಪಾಸು. ನನ್ನ ಒಲವು ಊರುಭಂಗದ ಕಡೆಗೇ ಜಾಸ್ತಿ. ಹ್ಯಾಮ್ಲೆಟ್ ಉಳಿಸಿದ್ದು ಗೆಳೆಯನನ್ನು, ದುರ್ಯೋಧನ ಉಳಿಸಿದ್ದು ತನ್ನ ತೊಡೆ ಮುರಿದವನನ್ನು. ಆದರೆ ಅಶ್ವತ್ಥಾಮ ಅವನ ಮಾತು ಕೇಳಬೇಕಲ್ಲ! ರಾತ್ರಿಯೇ ಪಾಂಡವರನ್ನು ಮುಗಿಸ್ತೀನಿ ಅಂತ ಆಣೆ ಇಟ್ಟ. ಅಪ್ಪನ ತೊಡೆ ಏರಲು ಬಂದಿದ್ದ ದುರ್ಯೋಧನನ ಮಗ, ಪುಟ್ಟ ದುರ್ಜಯನಿಗೆ ಅಲ್ಲೇ ಪಟ್ಟವನ್ನೂ ಕಟ್ಟಿದ. ಆ ಹುಡುಗನ ಮೇಲೆ ಮುಂದಿನ ಸಾಲು, ‘ಗ’ ಪ್ರಾಸ:

ಹಗೆಯು ಬೇಡೆಂದವನ ಮಗನಿಗೆ ಹಗೆಯೆ ಬಳುವಳಿಯು