ಸ್ಪೇನ್‌ನಲ್ಲಿ ಎರಡು ಬಗೆಯ ಮಾಸ್ಟರ್ಸ್: ಪಿಎಚ್‌ಡಿಗೆ ಯಾವುದು ನಡೆಯುತ್ತದೆ?

ಪ್ರಶ್ನೆ:
ಒಂದೇ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ 'ಮಾಸ್ತೆರ್ ಉನಿವೆರ್ಸಿತಾರಿಯೊ' ಅಂತ ಒಂದು, 'ಮಾಸ್ತೆರ್ ದೆ ಫೊರ್ಮಾಸಿಯೋನ್ ಪೆರ್ಮನೆಂತೆ' ಅಂತ ಇನ್ನೊಂದು ಇದೆ. ಎರಡೂ 60 ಕ್ರೆಡಿಟ್. ಎರಡನೆಯದು ನಕಲಿಯೇ? ಮುಂದೆ ಪಿಎಚ್‌ಡಿ ಮಾಡುವವರಿಗೆ ಯಾವುದು ಸರಿ?

ಉತ್ತರ 1:
ನಕಲಿ ಅಲ್ಲ, ಆದರೆ ಪಿಎಚ್‌ಡಿಯ ಲೆಕ್ಕಕ್ಕೆ ಬರುವುದಿಲ್ಲ. ಅದು 'ತೀತುಲೊ ಪ್ರೋಪಿಯೊ', ಅಂದರೆ ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲೇ ಕೊಡುವ ಪದವಿ. ಮೊದಲನೆಯದು ಸರ್ಕಾರಿ ಮಾನ್ಯತೆಯದು. ಅದರ ಪ್ರಮಾಣಪತ್ರವನ್ನು ರೆಕ್ಟರ್ (ವಿಶ್ವವಿದ್ಯಾಲಯದ ಮುಖ್ಯಸ್ಥ) ಕೊಡುವುದು ರಾಜನ ಹೆಸರಿನಲ್ಲಿ. ಅದಕ್ಕೆ ಮೊದಲು ಪಠ್ಯಯೋಜನೆ ಅನೆಕಾ (ರಾಷ್ಟ್ರೀಯ ಗುಣಮಟ್ಟ ಸಂಸ್ಥೆ) ಅಥವಾ ಪ್ರಾಂತೀಯ ಗುಣಮಟ್ಟ ಸಂಸ್ಥೆಯ ಪರಿಶೀಲನೆ ದಾಟಿರಬೇಕು.

ಸ್ಪೇನ್‌ನಲ್ಲಿ ಡಾಕ್ಟರೇಟ್ ಪ್ರವೇಶಕ್ಕೆ ಸಾಮಾನ್ಯ ನಿಯಮ: ಮಾನ್ಯ ಪದವಿಗಳಿಂದ ಒಟ್ಟು 300 ಕ್ರೆಡಿಟ್, ಅದರಲ್ಲಿ ಕನಿಷ್ಠ 60 ಮಾಸ್ಟರ್ಸ್ ಮಟ್ಟದವು. 240ರ ಪದವಿಗೆ 60ರ ಮಾನ್ಯ ಮಾಸ್ಟರ್ಸ್ ಸೇರಿದರೆ ಸರಿಹೋಯಿತು. ಆ 60 ಪ್ರೋಪಿಯೊದಿಂದ ಬಂದರೆ ನಿಮ್ಮ ಲೆಕ್ಕ 240ರಲ್ಲೇ ನಿಲ್ಲುತ್ತದೆ. ಪಾಠ ಎಷ್ಟೇ ಚೆನ್ನಾಗಿರಲಿ, ಇದು ಬದಲಾಗುವುದಿಲ್ಲ.

ಉತ್ತರ 2:
ಜಾಹೀರಾತಿನ 'ಒಫಿಸಿಯಾಲ್' (ಅಧಿಕೃತ) ಪದವನ್ನು ನಂಬಬೇಡಿ. ವಿಶ್ವವಿದ್ಯಾಲಯಗಳ ಹೊಣೆ ಹೊತ್ತ ಸಚಿವಾಲಯದ ಆರ್‌ಯುಸಿಟಿ (ವಿಶ್ವವಿದ್ಯಾಲಯ ಮತ್ತು ಪದವಿಗಳ ನೋಂದಣಿ) ತಾಣ ತೆರೆದು, ವಿಶ್ವವಿದ್ಯಾಲಯವನ್ನು ಆರಿಸಿ, ಕೋರ್ಸ್ ಹೆಸರು ಹುಡುಕಿ. ಮಾನ್ಯ ಕೋರ್ಸಿಗೆ ಕೋಡ್ ಇರುತ್ತದೆ, ಅದರ ಸ್ಥಿತಿಯೂ ಕಾಣುತ್ತದೆ. 'ಎಕ್ಸ್‌ತಿಂಗಿರ್' ಎಂಬ ಪದ ಕಂಡರೆ ಆ ಕೋರ್ಸ್ ಮುಚ್ಚುತ್ತಿದೆ ಎಂದರ್ಥ, ಹೊಸದಾಗಿ ಸೇರಬೇಡಿ.

'ನಂತರ ಕ್ರೆಡಿಟ್ ವರ್ಗಾಯಿಸಿಕೊಳ್ಳೋಣ' ಎನ್ನುವುದೂ ಅಪಾಯದ ಲೆಕ್ಕ. 2021ರ 822ನೇ ರಾಜಾಜ್ಞೆಯ ಪ್ರಕಾರ ಪ್ರೋಪಿಯೊ ಕ್ರೆಡಿಟ್ ಮತ್ತು ಕೆಲಸದ ಅನುಭವ ಎರಡೂ ಸೇರಿ ಮಾನ್ಯ ಕೋರ್ಸಿನ 15% ಮಾತ್ರ ತುಂಬಬಹುದು. 60ರಲ್ಲಿ ಅದು ಬರೀ 9. ಪ್ರೋಪಿಯೊ ರದ್ದಾಗಿ ಅದೇ ಕೋರ್ಸ್ ಮಾನ್ಯ ಮಾಸ್ಟರ್ಸ್ ಆಗಿ ಬದಲಾದಾಗ ಮಾತ್ರ ಇದಕ್ಕೆ ವಿನಾಯಿತಿ.

ಉತ್ತರ 3:
ಪಿಎಚ್‌ಡಿ ಬೇಡವಾದರೂ ಒಂದು ನೋಡಿಕೊಳ್ಳಿ. ವಕೀಲಿಕೆ, ಪ್ರೌಢಶಾಲಾ ಬೋಧನೆ, ಆರೋಗ್ಯ ಕ್ಷೇತ್ರದ ಮನೋವಿಜ್ಞಾನಕ್ಕೆ ಅಲ್ಲಿ ಅದದಕ್ಕೇ ಮೀಸಲಾದ ಮಾನ್ಯ ಮಾಸ್ಟರ್ಸ್ ಬೇಕು. ಮಾರ್ಕೆಟಿಂಗ್, ಡೇಟಾ ಥರದ ಕಡೆ ಕಂಪನಿಗಳು ಕೌಶಲ ನೋಡುತ್ತವೆ, ಅಲ್ಲಿ ಪ್ರೋಪಿಯೊ ಧಾರಾಳವಾಗಿ ಸಾಕು. ಅದರಲ್ಲೂ 30ಕ್ಕಿಂತ ಕಡಿಮೆ ಕ್ರೆಡಿಟ್ ಇದ್ದರೆ ಅದು 'ಎಕ್ಸ್‌ಪೆರ್ತೊ' ಡಿಪ್ಲೊಮಾ, 30ರಿಂದ 59 ಇದ್ದರೆ 'ಎಸ್ಪೆಸಿಯಾಲಿಸಾಸಿಯೋನ್' ಡಿಪ್ಲೊಮಾ. ಇವೆರಡೂ ಮಾಸ್ಟರ್ಸ್ ಅಲ್ಲ.