ಮರದ ಮೇಲಿನ ಕಲ್ಲುಹೂವು ಮಸಾಲೆಗೆ ಆಗ್ತದಾ?

ತೋಟ_ಶಿರಸಿ: ಅಡಿಕೆ ಮರಗಳಿಗೆಲ್ಲ ಬಿಳಿ ಕಲೆ ಹಿಡಿದಿದೆ. ಬೇಣದ ಮಾವಿನ ಟೊಂಗೆ ಮೇಲೆ ಬೂದುಬಣ್ಣದ, ಎಲೆಯಂಥದ್ದು ಬೆಳೆದಿದೆ. ಅಂಗಡಿಯ ಕಲ್ಲುಹೂವು ಇದೇನಾ? ಮರದ ಸಾರ ಹೀರ್ತದೆ, ಕೆರೆಸಿ ಅಂತಾರೆ ಕೆಲಸದವರು.

ಸಸ್ಯಮಿತ್ರ: ಕೆರೆಸಬೇಡಿ, ತೊಗಟೆಗೆ ಗಾಯವಾಗುವುದಷ್ಟೇ ಲಾಭ. ಇದಕ್ಕೆ ಬೇರಿಲ್ಲ. ಶಿಲೀಂಧ್ರದ ಎಳೆಗಳ ನಡುವೆ ಪಾಚಿ ಇರ್ತದೆ. ಬಿಸಿಲಿನಿಂದ ಆಹಾರ ಮಾಡುವುದು ಅದು. ಮರ ಬರೀ ಕೂರುವ ಜಾಗ. ಸೊರಗಿದ ಮರದ ಎಲೆ ಉದುರಿ ಬೆಳಕು ಹೆಚ್ಚಾದಾಗ ಇದು ಹಬ್ಬುತ್ತದೆ, ತಪ್ಪು ಇದರ ತಲೆಗೆ ಬರ್ತದೆ. ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಚಿಕ್ಕ ಮಿನಿವೆಟ್ ಹಕ್ಕಿ ಇದರ ಚೂರುಗಳನ್ನು ಜೇಡರ ಬಲೆಯಿಂದ ಗೂಡಿನ ಹೊರಮೈಗೆ ಅಂಟಿಸುತ್ತದೆ. ಗೂಡು ಯಾವುದು, ಟೊಂಗೆಯ ಗಂಟು ಯಾವುದು ಗೊತ್ತಾಗುವುದಿಲ್ಲ.

ಅಡಿಕೆಯ ಬಿಳಿ ಕಲೆ ತೊಗಟೆಗೇ ಅಂಟಿದ ಜಾತಿ, ಮಸಾಲೆಯದ್ದಲ್ಲ. ಮಾವಿನದ್ದು ಪಾರ್ಮೊಟ್ರಿಮಾ ಗುಂಪಿನದಿರಬಹುದು. ಅಂಗಡಿಗೆ ಬರುವ ಪಾರ್ಮೊಟ್ರಿಮಾ ಪರ್ಲಾಟಮ್ ಹೆಚ್ಚಾಗಿ ಹಿಮಾಲಯ, ನೀಲಗಿರಿಯಂಥ ಎತ್ತರದ ಕಡೆಯದು. ಅದರ ಅಂಚಿನಲ್ಲಿ ಕಪ್ಪು ರೋಮಗಳಿರ್ತವೆ. ಮೇಲ್ಪದರ ಕೆರೆದು ಒಳಗಿನ ಬಿಳಿಗೆ ಒಂದು ಹನಿ ಬ್ಲೀಚ್ ಬಿಡಿ. ತಕ್ಷಣ ಕೆಂಪಾದರೆ ಪರ್ಲಾಟಮ್ ಅಲ್ಲ. ಆಗದಿದ್ದರೂ ಅಷ್ಟರಿಂದಲೇ ಅದೇ ಅಂತ ಖಾತ್ರಿಯಿಲ್ಲ. ಆ ಚೂರು ಎಸೆದುಬಿಡಿ.

ಕಾರವಾರ_ಅಡುಗೆ: ತೋಟದ್ದು ಯಾವುದೂ ಬೇಡ ಮಾರಾಯ್ರೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರ್ತದೆ. ಕಲ್ಲುಹೂವು ಮೈಯಿಂದಲೇ ನೀರು ಹೀರುವುದು, ಜೊತೆಗೆ ಬಂದ ತಾಮ್ರ ಒಳಗೇ ಉಳಿಯುತ್ತದೆ. ಹೆದ್ದಾರಿ 66ರ ಬದಿಯ ಮರದ್ದೂ ಅಷ್ಟೇ, ಅಲ್ಲಿ ವಾಹನಗಳ ಹೊಗೆ. ಅಂಗಡಿಯದೇ ತನ್ನಿ. ಅಗಲ ಎಸಳು, ಮೇಲೆ ಬೂದು, ಕೆಳಗೆ ಕಪ್ಪು ಇರಬೇಕು. ಪುಡಿಯಾಗಿದ್ದರೆ ಬಿಡಿ, ಅರ್ಧ ತೊಗಟೆಯೇ.

ಕಾಲು ಕಿಲೋ ಕೊತ್ತಂಬರಿ ಕಾಳಿಗೆ 10 ಗ್ರಾಂ ಸಾಕು.

ತೋಟ_ಶಿರಸಿ: ಸರಿ, ಕೆರೆಸುವುದಿಲ್ಲ. ಅಂಗಡಿಯದು ಹುರಿದರೂ ಕಹಿ ಬರ್ತದಲ್ಲ?

ಕಾರವಾರ_ಅಡುಗೆ: ಕೊತ್ತಂಬರಿ ಜೊತೆ ಒಟ್ಟಿಗೆ ಹಾಕಿದರೆ ಹಾಗೇ. ಕಾಳು ಬಿಸಿಯಾಗುವಷ್ಟರಲ್ಲಿ ತೆಳು ಎಸಳು ಸುಟ್ಟಿರ್ತದೆ. ತೊಗಟೆ ಆರಿಸಿ, ಜರಡಿಯಲ್ಲಿ ಮರಳು ಉದುರಿಸಿ. ತೊಳೆದರೆ ಬಿಸಿಲಲ್ಲಿ ಗರಿಗರಿ ಒಣಗಬೇಕು. ಪಸೆ ಉಳಿದರೆ ಪುಡಿಗೆ ಬೂಷ್ಟು ಬರ್ತದೆ. ಕೊನೆಗೆ, ಸಣ್ಣ ಉರಿಯಲ್ಲಿ, ಅರ್ಧ ಚಮಚ ಎಣ್ಣೆಗೆ ಹಾಕಿ ಕೈಯಾಡಿಸುತ್ತಿರಿ. ಹಸಿಯಾಗಿದ್ದಾಗ ವಾಸನೆ ಅಷ್ಟೇನೂ ಇಲ್ಲ. ಎಸಳು ಮುದುಡಿ ಕಂದು ತಿರುಗಿ ಘಮ್ಮೆಂದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಕರಿಯಾಗ್ತದೆ.