ಸಹಾಯ ಬೇಕು: ಶಿವನಸಮುದ್ರದಲ್ಲಿ ದುಡಿದ ಕೂಲಿಯವರ ದಾಖಲೆ ಎಲ್ಲಿ ಹುಡುಕಲಿ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ವಿಭಾಗದ ಜಾಗತಿಕ ಇತಿಹಾಸದ ಸೆಮಿನಾರ್‌ನಲ್ಲಿ ಪ್ರಬಂಧ ಓದಬೇಕು. ವಿಷಯ ಶಿವನಸಮುದ್ರದ ಕರೆಂಟು. 1902ರಲ್ಲಿ ಅಲ್ಲಿಂದ ಕೆಜಿಎಫ್‌ವರೆಗೆ, ಹೆಚ್ಚುಕಮ್ಮಿ 150 ಕಿಲೋಮೀಟರ್ ತಂತಿ ಎಳೆದರಲ್ಲ, ಅದೇ. ಗಣಿ ನಡೆಸುತ್ತಿದ್ದವರು ಲಂಡನ್ನಿನವರು, ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನ್ ಸ್ವಿಟ್ಜರ್ಲೆಂಡಿನದು, ನೀರು ಮಾತ್ರ ನಮ್ಮ ಕಾವೇರಿಯದು. ಇದಕ್ಕಿಂತ ಜಾಗತಿಕ ಇನ್ನೇನು ಬೇಕು ಅಲ್ವಾ?

ಆದರೆ ನಮ್ಮ ಗೈಡ್ ಒಂದೇ ಪ್ರಶ್ನೆ ಕೇಳಿ ಕಟ್ಟಿಹಾಕಿದ್ದಾರೆ: "ಯಂತ್ರ ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಕಾಲುವೆ ತೋಡಿದವರು ಎಲ್ಲಿಂದ ಬಂದರಮ್ಮಾ?"

ಮೈಸೂರು ಸಂಸ್ಥಾನದ ಆಡಳಿತ ವರದಿಗಳನ್ನು ನೋಡಿದೆ. ಖರ್ಚು, ಯಂತ್ರ, ಇಂಜಿನಿಯರುಗಳ ವಿಷಯ ಸಿಕ್ಕಿತು. ಕೂಲಿಯವರ ಊರು, ಹೆಸರು ಕಣ್ಣಿಗೆ ಬೀಳಲಿಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರದ ಹತ್ತಿರದ ಊರು ಬ್ಲಫ್ ಕಡೆ ಹಿರಿಯರನ್ನು ಕೇಳಿದರೆ ಮಾತು ಕೆಆರ್‌ಎಸ್‌ಗೇ ತಿರುಗುತ್ತದೆ. ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರಲ್ಲಿ, ನನಗೆ ಬೇಕಾಗಿರುವುದು ಅದಕ್ಕಿಂತ ಮುಂಚಿನದು.

ಹಳೇ ಕಡತಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಆ ಕಾಲದ ಕೂಲಿ ಪಟ್ಟಿ, ಗುತ್ತಿಗೆದಾರರ ಲೆಕ್ಕ ಹುಡುಕಲು ಯಾವ ಇಲಾಖೆಯ ಕಡತ ಕೇಳಬೇಕು? ಲೋಕೋಪಯೋಗಿಯದಾ, ಕಂದಾಯದ್ದಾ?